ಗುಂಡ್ಲುಪೇಟೆಗೆ ಹೊರಟಿರಾ? ಗಡಿಯಾರ ನೋಡ್ಕೊಳ್ಳಿ

ರಜೆ ಬಂತೆಂದರೆ ಸಾಕು, ‘ಅಮ್ಮಾ, ಆನೆ ನೋಡೋಕೆ ಹೋಗೋಣ’ ಎಂದು ಮಕ್ಕಳ ರಾಗ ಶುರು. ಯಜಮಾನರು ಉತ್ಸಾಹದಿಂದ ಬಂಡೀಪುರ ಎನ್ನುತ್ತಾರೆ, ರೆಸಾರ್ಟ್ ಬಾಡಿಗೆ ಕೇಳಿದ ಕೂಡಲೇ ಪೇಪರ್ ಓದಲು ಕೂರುತ್ತಾರೆ. ಚಿಂತೆ ಬೇಡ, ಕಾಡಿನ ಪಕ್ಕದಲ್ಲೇ ಗುಂಡ್ಲುಪೇಟೆ ಇದೆಯಲ್ಲ! ಮೈಸೂರಿನಿಂದ ನಂಜನಗೂಡು ದಾಟಿ ಸುಮಾರು 60 ಕಿ.ಮೀ. ಪುಟ್ಟ ಊರು. ಲಾಡ್ಜ್, ಹೋಟೆಲ್, ಔಷಧಿ ಅಂಗಡಿ ಎಲ್ಲ ಕೈಗೆಟುಕುವ ದೂರದಲ್ಲಿವೆ. ಅತ್ತೆ-ಮಾವ, ಚಿಕ್ಕ ಮಕ್ಕಳು ಜೊತೆಗಿದ್ದರೆ ಕಾಡೊಳಗಿನ ಕಾಟೇಜಿಗಿಂತ ಇದೇ ವಾಸಿ.

ಆದರೆ ಈ ಊರಿಗೆ ಹೋಗುವವರು ಮೊದಲು ತಿಳಿಯಬೇಕಾದ್ದು ಕಾಡಿನ ರಸ್ತೆಯ ವೇಳೆ. ಇಲ್ಲಿಂದ ಊಟಿಗೂ ವಯನಾಡಿಗೂ ಹೋಗುವ ಎರಡು ರಸ್ತೆಗಳೂ ಬಂಡೀಪುರದ ಒಳಗೇ ಹಾಯುತ್ತವೆ. ರಾತ್ರಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಆಂಬುಲೆನ್ಸ್, ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ. ‘ಊಟಿಯಲ್ಲಿ ಇನ್ನೊಂದು ಸ್ವಲ್ಪ ಶಾಪಿಂಗ್’ ಅಂತ ಕೂತರೆ ಗೇಟಿನಾಚೆ ಹಸಿದ ಮಕ್ಕಳ ಜೊತೆ ರಾತ್ರಿ ಕಳೆಯಬೇಕಾದೀತು. ಅಲ್ಲಿಂದ ಮಧ್ಯಾಹ್ನದ ಊಟ ಮುಗಿಸಿಯೇ ಹೊರಟುಬಿಡಿ.

ರಸ್ತೆಬದಿಯಲ್ಲೇ ಜಿಂಕೆ, ಲಂಗೂರ, ಅದೃಷ್ಟವಿದ್ದರೆ ಆನೆ ಕಾಣುತ್ತವೆ. ಇಲ್ಲೇ ನಮ್ಮವರ ಎಡವಟ್ಟು! ಕಾರು ನಿಲ್ಲಿಸಿ ಇಳಿಯುವುದು, ಕೋತಿಗೆ ಚಿಪ್ಸ್ ಎಸೆಯುವುದು. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಫೋಟೊಗೆಂದು ಆನೆಯ ಹತ್ತಿರ ಹೋದ ವ್ಯಕ್ತಿಯನ್ನು ಅದು ಅಟ್ಟಿಸಿಕೊಂಡು ಬಂದು ಕೆಡವಿತು. ಜೀವ ಉಳಿದದ್ದೇ ಪುಣ್ಯ, ದಂಡ ಬೇರೆ. ತಿಂಡಿ ಹಾಕಿದರೆ ಪುಣ್ಯ ಬರುತ್ತೆ ಅನ್ನುವ ಹಿರಿಯರಿಗೆ ಮನೆಯಲ್ಲೇ ಮೆಲ್ಲಗೆ ಹೇಳಿಡಿ. ರಸ್ತೆಗೆ ಬಂದರೆ ತಿನ್ನಲು ಸಿಗುತ್ತೆ ಎಂದು ಕಲಿತ ಪ್ರಾಣಿ ಇನ್ನೊಂದು ದಿನ ಗಾಡಿಯಡಿ ಸಿಗುತ್ತದೆ. ಆನೆ ಅಡ್ಡ ನಿಂತಿದ್ದರೆ ದೂರದಲ್ಲೇ ನಿಲ್ಲಿ. ಹಾರನ್ ಬೇಡ, ಲೈಟ್ ಹಾಕಿ ಕೆಣಕುವುದೂ ಬೇಡ. ಕಿಟಕಿ ಗಾಜು ಮೇಲಿರಲಿ.

ಇನ್ನು ಸಫಾರಿ. ಹೊರಡುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಯಿಂದ ಕಾಡಂಚಿನ ಊರುಗಳಲ್ಲಿ ಸಾವು ಸಂಭವಿಸಿದಾಗ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು. ನಮಗೆ ಹುಲಿ ಕಾಣಲಿಲ್ಲ ಎಂಬ ಬೇಸರ, ಅಲ್ಲಿಯ ಹೆಣ್ಣುಮಕ್ಕಳಿಗೆ ದನ ಮೇಯಿಸಲು ಹೋದ ಗಂಡ ಸಂಜೆ ಮನೆಗೆ ಬಂದಾನೋ ಎಂಬ ಚಿಂತೆ. ಜೀಪಿನಲ್ಲಿ ಕೂತು ‘ಕೊಟ್ಟ ದುಡ್ಡು ದಂಡ’ ಅಂತ ಗೊಣಗುವಾಗ ಇದು ನೆನಪಿದ್ದರೆ ಒಳ್ಳೆಯದು.

ಹಂಗಳದ ಕಡೆಯಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕಂತೂ ಹೋಗಲೇಬೇಕು. ಎತ್ತರ 1,454 ಮೀಟರ್. ಖಾಸಗಿ ವಾಹನ ಮೇಲೆ ಬಿಡುವುದಿಲ್ಲ, ತಪ್ಪಲಿನಿಂದ ಸರ್ಕಾರಿ ಬಸ್ಸೇ ಗತಿ. ನನ್ನ ಮಟ್ಟಿಗೆ ಇದು ಒಳ್ಳೆಯದೇ ಆಯಿತು! ಬೆಳಗಿನ ಹೊತ್ತೇ ಹೋಗಿ, ಮಧ್ಯಾಹ್ನ ಸಾಲು ಉದ್ದವಾಗುತ್ತದೆ. ಮಂಜು ಮುಸುಕಿದರೆ ದೇವಸ್ಥಾನದ ಗೋಪುರವೂ ಕಾಣದು. ಅತ್ತೆಗೊಂದು ಶಾಲು, ಮಕ್ಕಳಿಗೆ ಸ್ವೆಟರ್ ಇರಲಿ. ನೀರಿಗೆ ಸ್ಟೀಲ್ ಬಾಟಲಿ, ತಿಂಡಿಗೆ ಡಬ್ಬಿ. ಪ್ಲಾಸ್ಟಿಕ್ ಕವರ್ ಮನೆಯಲ್ಲೇ ಬಿಡಿ.

ಜೂನ್ ಕೊನೆಯಿಂದ ಆಗಸ್ಟ್ ತನಕ ಹೋದರೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ರಸ್ತೆಯ ಎರಡೂ ಬದಿ ಅರಳಿರುತ್ತವೆ. ಕೇರಳದವರೂ ಇದನ್ನು ನೋಡಲೆಂದೇ ಬರುತ್ತಾರೆ. ಕೆಲವು ಹೊಲದವರು ಫೋಟೊಗೆ ಒಂದಿಷ್ಟು ಹಣ ಕೇಳುತ್ತಾರೆ. ಚೌಕಾಸಿ ಮಾಡಬೇಡಿ. ತುಳಿದು ಹಾಳಾಗುವುದು ಅವರ ಫಸಲು ತಾನೇ? ಬದುವಿನ ಮೇಲೆ ನಿಂತು ತೆಗೆದ ಫೋಟೊನೂ ಚೆನ್ನಾಗೇ ಬರುತ್ತೆ.

ಈ ಸೀಮೆಯ ಸಾಂಬಾರ್ ಈರುಳ್ಳಿ, ಅರಿಶಿನ, ಬಾಳೆಹಣ್ಣು ಕಂಡರೆ ಕೈ ತಡೆಯುವುದಿಲ್ಲ. ತೆರಕಣಾಂಬಿಯ ತರಕಾರಿ ಮಾರುಕಟ್ಟೆಗೂ ಹೆಸರಿದೆ. ಆದರೆ ಊಟಿಗೆ ಹೊರಡುವ ಮೊದಲೇ ಬಾಳೆಗೊನೆ, ತರಕಾರಿ ಚೀಲ ಕಾರಿಗೆ ತುಂಬಬೇಡಿ. ಕಾಡಿನ ದಾರಿಯಲ್ಲಿ ತರಕಾರಿ ಲಾರಿಗಳನ್ನು ಆನೆ ತಡೆದು ನಿಲ್ಲಿಸಿದ್ದುಂಟು. ವಾಪಸ್ ಬಂದು, ಗೇಟು ದಾಟಿದ ಮೇಲೆ ಗುಂಡ್ಲುಪೇಟೆಯಲ್ಲೇ ಕೊಳ್ಳಿ. ಈರುಳ್ಳಿ ಆರಿಸುವಾಗ ತೊಟ್ಟು ಒಣಗಿದೆಯೇ ನೋಡಿ, ಹಸಿಯಿದ್ದರೆ ಮನೆ ತಲುಪುವಷ್ಟರಲ್ಲಿ ಬೆವರಿರುತ್ತದೆ.