ಕೊನೆಯ ಕ್ರಿಯಾಪದದ ಭಾರ

ಗೋವೆಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಶಾಲೆಯ ಮಾತು ಬಂದಾಗ ಒಂದು ದೂರು ಕೇಳಿಬರುವುದುಂಟು. ಮಗು ಕನ್ನಡದಲ್ಲಿ ಕಥೆ ಹೇಳತೊಡಗಿದರೆ ಕೇಳುತ್ತಲೇ ಇರಬೇಕೆನಿಸುತ್ತದೆ. ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದರೆ ಪುಟದ ತುಂಬ ಕೆಂಪು ಶಾಯಿ. ಪ್ರಾಥಮಿಕ ನಾಲ್ಕು ತರಗತಿಗಳನ್ನು ಕನ್ನಡದಲ್ಲಿಯೋ ಮರಾಠಿ, ಕೊಂಕಣಿಗಳಲ್ಲಿಯೋ ಓದಿ, ಐದನೆಯದಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವುದು ಇಲ್ಲಿ ಬಹುಕಾಲದಿಂದ ಬಂದ ರೂಢಿ. ಆಗ, ಮನೆಯಲ್ಲಿ ಕನ್ನಡವನ್ನು ಕಡಮೆ ಮಾಡಿರಿ ಎಂಬ ಸಲಹೆಯೂ ತಂದೆತಾಯಿಗಳಿಗೆ ಅಲ್ಲಲ್ಲಿ ದೊರೆಯುತ್ತದೆ. ಈ ಸಲಹೆ ನಮಗೆ ಒಪ್ಪಿಗೆಯಾಗಿಲ್ಲ. ಕೆಂಪು ಶಾಯಿ ಬಿದ್ದ ವಾಕ್ಯಗಳನ್ನು ಸಾವಧಾನವಾಗಿ ನೋಡಿದರೆ ಒಂದು ಜಾತಿಯ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಅದು ಬುದ್ಧಿಯ ಕೊರತೆಯಿಂದ ಹುಟ್ಟಿದ್ದಲ್ಲ. ಕನ್ನಡದ ವಾಕ್ಯಕ್ರಮ ಮಗುವಿಗೆ ಚೆನ್ನಾಗಿ ತಿಳಿದಿರುವುದರಿಂದಲೇ ಹುಟ್ಟಿದ್ದು.

'ಅವನು ಎದ್ದು, ಅಂಗಿ ತೊಟ್ಟು, ಬಸ್ಸು ಹತ್ತಿ, ವಾಸ್ಕೊದಲ್ಲಿ ಇಳಿದನು' ಎಂಬ ಸಾಮಾನ್ಯ ವಾಕ್ಯವನ್ನು ತೆಗೆದುಕೊಳ್ಳೋಣ. ಕೆಲಸಗಳು ನಾಲ್ಕು, ಪೂರ್ಣ ಕ್ರಿಯಾಪದ ಒಂದೇ. ಎದ್ದು, ತೊಟ್ಟು, ಹತ್ತಿ ಎಂಬವನ್ನು ನಮ್ಮ ವೈಯಾಕರಣರು ಭೂತನ್ಯೂನವೆಂದು ಕರೆದರು. ಯಾರು ಮಾಡಿದರೆಂಬುದನ್ನು ಅವು ಹೇಳಲಾರವು; 'ಇಳಿದನು' ಎಂಬುದು ಬರುವವರೆಗೆ ಕಾದು ನಿಂತಿರುತ್ತವೆ. ಕೊನೆಯದನ್ನು 'ಇಳಿಯುವನು' ಎಂದು ಬದಲಿಸಿದರೆ ಸಾಕು, ಮೊದಲಿನ ಮೂರೂ ಒಂದಕ್ಷರವೂ ಬದಲಾಗದೆ ನಾಳೆಯ ಕೆಲಸಗಳಾಗಿಬಿಡುತ್ತವೆ. ವಾಕ್ಯದ ಕಾಲವೆಲ್ಲ ಕೊನೆಯ ಪದದ ಹೆಗಲ ಮೇಲಿದೆ.

ಇಂಗ್ಲಿಷಿನಲ್ಲಿ ಹೀಗಿಲ್ಲ. 'ಹೀ ಗಾಟ್ ಅಪ್, ಪುಟ್ ಆನ್ ಹಿಸ್ ಶರ್ಟ್, ಗಾಟ್ ಆನ್ ದ ಬಸ್, ಅಂಡ್ ಗಾಟ್ ಆಫ್ ಅಟ್ ವಾಸ್ಕೊ' ಎಂದು ನಾಲ್ಕೂ ಕ್ರಿಯಾಪದಗಳು ಭೂತಕಾಲದಲ್ಲಿಯೇ ಇರಬೇಕು. ಕನ್ನಡದಲ್ಲಿ ಮನೆಮಂದಿಗೆಲ್ಲ ಯಜಮಾನನೊಬ್ಬನೇ ಟಿಕೆಟು ತೆಗೆಸುತ್ತಾನೆ. ಇಂಗ್ಲಿಷಿನಲ್ಲಿ ಒಬ್ಬೊಬ್ಬರದೂ ಬೇರೆ ಟಿಕೆಟು. ನಮ್ಮ ಮಗು ಯಜಮಾನನನ್ನು ನಂಬಿ, 'ಹೀ ಗೆಟ್ ಅಪ್, ಗೆಟ್ ಆನ್ ದ ಬಸ್ ಅಂಡ್ ಗಾಟ್ ಆಫ್' ಎಂದು ಬರೆಯುತ್ತದೆ. ಕೊನೆಯದು ಸರಿಯಾಗಿರುವುದನ್ನು ಗಮನಿಸಬೇಕು.

ನೆರೆಯ ಭಾಷೆಗಳನ್ನು ಕಲಿಯುವಾಗ ಈ ತೊಡಕು ಬರುವುದಿಲ್ಲ. 'ಹಾಂವ್ ಉಠೂನ್, ನ್ಹಾವನ್, ಜೇವನ್ ಬಾಜಾರಾಂತ್ ಗೆಲೊಂ' ಎಂದು ಕೊಂಕಣಿ. 'ಮೀ ಉಠೂನ್, ಅಂಘೋಳ ಕರೂನ್, ಜೇವೂನ್ ಬಾಜಾರಾಲಾ ಗೇಲೋ' ಎಂದು ಮರಾಠಿ. ಅಚ್ಚು ಒಂದೇ, ಎರಕ ಬೇರೆ. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ಒಂದೇ ಊರಿನಲ್ಲಿ ಬಾಳಿದ ಬಗೆಯನ್ನು ಕುರಿತು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಸೊಪ್ಪು ಕೊಯ್ದು ತೆಗೆದುಕೊಂಡು ಬಂದುದನ್ನು ಅಲ್ಲಿಯ ಜನ ಮೂರು ಭಾಷೆಗಳಲ್ಲಿಯೂ ಒಂದೇ ಕ್ರಮದಲ್ಲಿ ಹೇಳುತ್ತಾರೆಂದು ಅವರು ತೋರಿಸಿದ್ದಾರೆ. ಗಡಿಯ ಮಕ್ಕಳು ಮೂರು ಮಾತುಗಳನ್ನು ಬೀದಿಯಲ್ಲಿಯೇ ಕಲಿತುಬಿಡುವ ಗುಟ್ಟಿನಲ್ಲಿ ಇದಕ್ಕೂ ಒಂದು ಪಾಲಿದೆ.

ಇದೇ ದಾರಿಯನ್ನು ಎದುರುದಿಕ್ಕಿನಿಂದ ನಡೆದ ಇಂಗ್ಲಿಷಿನವನೊಬ್ಬ ಗೋವೆಯಲ್ಲಿಯೇ ಇದ್ದನು. 1579ರಲ್ಲಿ ಇಲ್ಲಿಗೆ ಬಂದ ಪಾದ್ರಿ ಥಾಮಸ್ ಸ್ಟೀಫನ್ಸ್ ಕೊಂಕಣಿಯನ್ನು ಕಲಿತು, ಪೋರ್ತುಗೀಜು ಭಾಷೆಯಲ್ಲಿ ಅದರ ವ್ಯಾಕರಣವನ್ನು ಬರೆದನು. ಅವನು ತೀರಿಕೊಂಡ ಮೇಲೆ, 1640ರಲ್ಲಿ, ಅದು ರಾಶೋಲಿನಲ್ಲಿ ಅಚ್ಚಾಯಿತು. ಆ ಪುಸ್ತಕದ ಹೆಸರಿನಲ್ಲಿ ಕೊಂಕಣಿಯನ್ನು 'ಕಾನಾರಿಂ' ಎಂದು ಕರೆದಿರುವುದು ನಮ್ಮವರಿಗೆ ಸೋಜಿಗವೆನಿಸೀತು.

ಇನ್ನು ಫ್ರೇಸಲ್ ವರ್ಬ್ ಎಂಬ ಜೋಡುಪದಗಳ ವಿಚಾರ. 'ಗೆಟ್' ಎಂಬ ಒಂದೇ ಪದಕ್ಕೆ ಅಪ್, ಆನ್, ಆಫ್ ಎಂಬ ಬಾಲಗಳನ್ನು ಹಚ್ಚಿದರೆ ಏಳುವುದು, ಹತ್ತುವುದು, ಇಳಿಯುವುದು ಎಂದು ಅರ್ಥ ಬದಲಾಗುವುದನ್ನು ಕಂಡು ಮಕ್ಕಳು ಕಂಗೆಡುತ್ತಾರೆ. ಆದರೆ ಜೋಡಿಸುವ ಹಂಚಿಕೆ ನಮಗೆ ಹೊಸದಲ್ಲ. ಓಡಿಹೋದನು, ತಿಂದುಬಿಟ್ಟನು, ಬರೆದುಕೊಂಡನು, ಕಡಿದುಹಾಕಿದನು ಎನ್ನುತ್ತೇವೆ. ಇಲ್ಲಿ 'ಹೋದನು' ಎಂಬುದು ಹೋಗುವುದನ್ನಲ್ಲ, ತಪ್ಪಿಸಿಕೊಂಡು ದೂರವಾದುದನ್ನು ಹೇಳುತ್ತದೆ. 'ಬಿಟ್ಟನು' ಎಂಬುದು ಏನನ್ನೂ ಬಿಡದೆ ಮುಗಿಸಿದುದನ್ನು! ಇವಕ್ಕೆ ಇಂಗ್ಲಿಷಿನಲ್ಲಿ 'ರ‍್ಯಾನ್ ಅವೇ', 'ಏಟ್ ಅಪ್', 'ರೋಟ್ ಡೌನ್', 'ಕಟ್ ಡೌನ್' ಎಂಬುವು ಹೆಚ್ಚು ಕಡಮೆ ಸರಿಹೊಂದುತ್ತವೆ. ನಮ್ಮ ಎರಡನೆಯ ಕ್ರಿಯಾಪದ ಮಾಡುವ ಕೆಲಸವನ್ನು ಅವರ ಬಾಲ ಮಾಡುತ್ತದೆ.

ವ್ಯತ್ಯಾಸವಿರುವುದು ಕಾಲದ ಸ್ಥಾನದಲ್ಲಿ. 'ಓಡಿಹೋದನು' ಎಂಬಲ್ಲಿ ಕಾಲವನ್ನು ಹೊತ್ತಿರುವುದು ಎರಡನೆಯ ಪದ. 'ರ‍್ಯಾನ್ ಅವೇ' ಎಂಬಲ್ಲಿ ಮೊದಲನೆಯದು. 'ಅವೇ' ಎಂಬುದು ಯಾವ ಕಾಲದಲ್ಲಿಯೂ ಅಲುಗದು. ಹೀಗೆ ವಾಕ್ಯದಲ್ಲಿಯೂ ಜೋಡುಪದದಲ್ಲಿಯೂ ನಮ್ಮ ಮಗು ಭಾರವನ್ನು ಕೊನೆಗೆ ಸಾಗಿಸಲು ನೋಡುತ್ತದೆ, ಇಂಗ್ಲಿಷು ಮುಂದಕ್ಕೆ ಎಳೆಯುತ್ತದೆ. ಎರಡೂ ತಪ್ಪುಗಳ ಬೇರು ಒಂದೇ ಎಂದು ತಿಳಿಸಿಕೊಟ್ಟರೆ ಮಗುವಿಗೆ ಅರ್ಧ ಹೊರೆ ಇಳಿಯುತ್ತದೆ. ಎಲ್ಲ ಜೋಡಿಗಳೂ ಹೀಗೆ ಹೊಂದುವುದಿಲ್ಲವೆಂಬುದೂ ನಿಜ. 'ಪುಟ್ ಆಫ್' ಎಂದರೆ ಮುಂದೂಡುವುದು, 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊಳ್ಳುವುದು. ಇವನ್ನು ಬಾಯಿಪಾಠ ಮಾಡದೆ ಗತಿಯಿಲ್ಲ. 'ಕೈಕೊಟ್ಟನು' ಎಂಬುದನ್ನು ಕಲಿಯುವ ಇಂಗ್ಲಿಷಿನವನ ಪಾಡೂ ಇದೇ.

ಕೆಲವರು ಭೂತನ್ಯೂನಕ್ಕೆಲ್ಲ 'ಹ್ಯಾವಿಂಗ್' ಹಚ್ಚಲು ಕಲಿಸುತ್ತಾರೆ. ವ್ಯಾಕರಣಕ್ಕೆ ಅದು ಬಾಧಕವಲ್ಲ; ಆದರೆ ಹತ್ತು ವರ್ಷದ ಮಗು 'ಹ್ಯಾವಿಂಗ್ ಗಾಟ್ ಅಪ್, ಹ್ಯಾವಿಂಗ್ ಪುಟ್ ಆನ್' ಎಂದು ತನ್ನ ದಿನಚರಿ ಹೇಳಿದರೆ ಕಚೇರಿಗೆ ಕೊಟ್ಟ ಅರ್ಜಿಯಂತೆ ಕೇಳಿಸುತ್ತದೆ. ಮೇಲಾಗಿ 'ಮಳೆ ಬಂದು ಬಸ್ಸು ನಿಂತಿತು' ಎಂಬಲ್ಲಿ ಈ ಉಪಾಯ ನಡೆಯದು. ಬಂದುದು ಮಳೆ, ನಿಂತುದು ಬಸ್ಸು. ಆ 'ಬಂದು' ಎಂಬುದಕ್ಕೆ 'ಬಂದುದರಿಂದ' ಎಂದೇ ಅರ್ಥ.

ಇಂಗ್ಲಿಷು ಬಾರದ ತಾಯಂದಿರೂ ಇದರಲ್ಲಿ ನೆರವಾಗಬಹುದು. ಸಂಜೆ ಮಗುವಿನಿಂದ ದಿನದ ಸಂಗತಿಯನ್ನು ಕನ್ನಡದಲ್ಲಿಯೇ ಹೇಳಿಸಬೇಕು. ಆಮೇಲೆ ಸರಪಣಿಯನ್ನು ಬಿಡಿಸಿ ಹೇಳಿಸಬೇಕು. ಎದ್ದೆನು. ಅಂಗಿ ತೊಟ್ಟೆನು. ಬಸ್ಸು ಹತ್ತಿದೆನು. ಇಳಿದೆನು. ಕನ್ನಡದ ಕಿವಿಗೆ ಇದು ಕುಂಟುನಡಿಗೆ, ಮಗು ನಕ್ಕೇ ನಗುತ್ತದೆ. ಆದರೆ ಇಂಗ್ಲಿಷಿಗೆ ಬೇಕಾದುದು ಈ ಬಿಡಿ ಹೆಜ್ಜೆಗಳೇ. ಕನ್ನಡ ಗಟ್ಟಿಯಾಗಿರುವ ಮಗುವಿಗೆ ಇದು ಒಂದು ವಾರದ ಆಟ; ಬಿಡಿಸಲು ಸರಪಣಿಯೇ ಇಲ್ಲದ ಮಗುವಿಗೆ ಈ ಆಟವನ್ನು ಆಡಿಸುವುದು ಹೇಗೆ?

ವಾಚಕರು ಈ ವಾಕ್ಯವನ್ನು ಮಕ್ಕಳ ಮುಂದಿಟ್ಟು ನೋಡಬಹುದು: 'ಅಜ್ಜಿ ದೀಪ ಆರಿಸಿ, ಚೀಲ ಎತ್ತಿಕೊಂಡು, ಬಾಗಿಲು ಮುಚ್ಚಿ, ಮಡಗಾಂವಿಗೆ ಹೊರಟುಹೋದಳು.' ಬರಬೇಕಾದುವು ಪುಟ್ ಔಟ್, ಪಿಕ್ಡ್ ಅಪ್, ಶಟ್, ಸೆಟ್ ಆಫ್. ಪುಟ್, ಶಟ್, ಸೆಟ್ ಎಂಬ ಮೂರೂ ಭೂತಕಾಲದಲ್ಲಿ ರೂಪ ಬದಲಿಸುವುದಿಲ್ಲ. ಆದುದರಿಂದ ಮಗು ತಿಳಿಯದೆ ಬರೆದರೂ ಅವು ಸರಿಯಾಗಿಯೇ ಕಾಣುತ್ತವೆ. ನೋಡಬೇಕಾದುದು ಅಜ್ಜಿಯ ಚೀಲವನ್ನು ಮಗು ಹೇಗೆ ಎತ್ತಿತೆಂಬುದನ್ನು.