ಮಿಸಿಸಿಪ್ಪಿಯ ಒಪ್ಪಿಗೆ ತಲುಪಿದ್ದು 2013ರಲ್ಲಿ!

ಅಮೆರಿಕದಲ್ಲಿ ಗುಲಾಮಗಿರಿ ಯಾವಾಗ ಕೊನೆಯಾಯ್ತು? ಶಾಲೆಯ ಇತಿಹಾಸ ನೆನಪಿರುವವರು ಥಟ್ ಅಂತ ಹೇಳ್ತೀರಿ, ಅಬ್ರಹಾಂ ಲಿಂಕನ್ ಕಾಲದಲ್ಲಿ, 1863ರಲ್ಲಿ ಅಂತ. ಸ್ವಲ್ಪ ಹೆಚ್ಚು ಓದಿಕೊಂಡವರು 1865 ಅಂತೀರಿ. ಸರಿ, ಈಗ ಇನ್ನೊಂದು ಪ್ರಶ್ನೆ. ಗುಲಾಮಗಿರಿಯನ್ನು ರದ್ದು ಮಾಡಿದ ಆ ಸಂವಿಧಾನ ತಿದ್ದುಪಡಿಗೆ ಮಿಸಿಸಿಪ್ಪಿ ರಾಜ್ಯದ ಒಪ್ಪಿಗೆ ವಾಷಿಂಗ್ಟನ್ನಿನ ದಾಖಲೆಗೆ ಸೇರಿದ್ದು ಯಾವಾಗ?

2013ರ ಫೆಬ್ರವರಿ 7ರಂದು. ಹೌದು, ಸರಿಯಾಗೇ ಓದಿದ್ರಿ. ಬರಾಕ್ ಒಬಾಮ ಅಧ್ಯಕ್ಷರಾಗಿ ಎರಡನೇ ಸಲ ಪ್ರಮಾಣವಚನ ಸ್ವೀಕರಿಸಿ ಆಗಿನ್ನೂ ಮೂರು ವಾರ ತುಂಬಿರಲಿಲ್ಲ.

ಇಷ್ಟು ಹೇಳಿ ಬಿಟ್ಟರೆ ನಾಳೆ ಬೆಳಿಗ್ಗೆ ಇದು ವಾಟ್ಸಾಪ್‌ನಲ್ಲಿ "ಮಿಸಿಸಿಪ್ಪಿಯಲ್ಲಿ 2013ರವರೆಗೂ ಗುಲಾಮಗಿರಿ ಇತ್ತು" ಅಂತ ಓಡಾಡುತ್ತೆ. ಅದು ಸುಳ್ಳು. ಯಾಕೆ ಸುಳ್ಳು ಅಂತ ಮೊದಲು ನೋಡೋಣ.

ನಮ್ಮ ಸಂವಿಧಾನದ ಕೆಲವು ತಿದ್ದುಪಡಿಗಳಿಗೆ ಅರ್ಧದಷ್ಟು ರಾಜ್ಯಗಳ ವಿಧಾನಸಭೆಗಳ ಒಪ್ಪಿಗೆ ಬೇಕು. ಜಿಎಸ್‌ಟಿ ಬಂದಾಗ ನೀವು ನೋಡಿದ್ದೀರಿ. ಅಮೆರಿಕದಲ್ಲಿ ಈ ಪಟ್ಟು ಇನ್ನೂ ಬಿಗಿ. ಸಂಸತ್ತಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ, ಆಮೇಲೆ ನಾಲ್ಕನೇ ಮೂರರಷ್ಟು ರಾಜ್ಯಗಳ ಒಪ್ಪಿಗೆ. ಗುಲಾಮಗಿರಿ ನಿಷೇಧಿಸುವ 13ನೇ ತಿದ್ದುಪಡಿ 1865ರ ಜನವರಿ 31ರಂದು ಸಂಸತ್ತಿನಲ್ಲಿ ಪಾಸಾಯ್ತು. ಆಗ ಇದ್ದ ರಾಜ್ಯಗಳು 36, ಬೇಕಾಗಿದ್ದು 27. ಡಿಸೆಂಬರ್ 6ರಂದು ಜಾರ್ಜಿಯಾ 27ನೆಯದಾಗಿ ಕೈ ಎತ್ತಿತು. ಅಲ್ಲಿಗೆ ಮುಗೀತು. ಒಪ್ಪಿದ ರಾಜ್ಯಕ್ಕೂ ಅದೇ ಕಾನೂನು, ಒಪ್ಪದ ರಾಜ್ಯಕ್ಕೂ ಅದೇ ಕಾನೂನು.

ಒಪ್ಪದ ರಾಜ್ಯಗಳಲ್ಲಿ ಮಿಸಿಸಿಪ್ಪಿ ಒಂದು. 1860ರ ಜನಗಣತಿ ಪ್ರಕಾರ ಅಲ್ಲಿದ್ದ ಸುಮಾರು 7 ಲಕ್ಷ 91 ಸಾವಿರ ಜನರಲ್ಲಿ 4 ಲಕ್ಷ 36 ಸಾವಿರ ಜನ ಗುಲಾಮರು. ಅಂದರೆ ಅರ್ಧಕ್ಕಿಂತ ಹೆಚ್ಚು ಮನುಷ್ಯರು ಇನ್ನೊಬ್ಬರ ಆಸ್ತಿ! ಆ ರಾಜ್ಯದ ಶಾಸಕರು 1865ರ ಡಿಸೆಂಬರ್‌ನಲ್ಲಿ ತಿದ್ದುಪಡಿಯನ್ನು ತಿರಸ್ಕರಿಸಿದರು. ಆಮೇಲೆ ಆ ಕಡತವನ್ನು ಕೈಗೆತ್ತಿಕೊಂಡಿದ್ದು 1995ರಲ್ಲಿ. ಈ ಸಲ ಒಮ್ಮತದ ಒಪ್ಪಿಗೆ. ಪತ್ರಿಕೆಗಳಲ್ಲಿ ಸುದ್ದಿಯೂ ಬಂತು.

ಆದರೆ ಆ ನಿರ್ಣಯದ ಪ್ರತಿಯನ್ನು ವಾಷಿಂಗ್ಟನ್ನಿಗೆ ಕಳಿಸಬೇಕಿತ್ತು ನೋಡಿ, ಅದು ಹೋಗಲೇ ಇಲ್ಲ. ನಾನು ಇಂಜಿನಿಯರಿಂಗ್ ಓದಿದವನು. ಕಂಪ್ಯೂಟರ್ ನೆಟ್‌ವರ್ಕ್ ಪಾಠದಲ್ಲಿ ನಮಗೆ ಹೇಳಿಕೊಟ್ಟಿದ್ದು ಇದನ್ನೇ: ಆ ಕಡೆಯಿಂದ "ತಲುಪಿದೆ" ಅಂತ ಉತ್ತರ ಬರೋವರೆಗೂ ಕಳಿಸಿದ್ದು ಲೆಕ್ಕಕ್ಕಿಲ್ಲ. ಮಿಸಿಸಿಪ್ಪಿ 18 ವರ್ಷ ಉತ್ತರಕ್ಕೆ ಕಾಯಲೂ ಇಲ್ಲ, ವಿಚಾರಿಸಲೂ ಇಲ್ಲ.

ಇದನ್ನು ಪತ್ತೆ ಹಚ್ಚಿದ್ದು ಯಾರು ಗೊತ್ತಾ? ಭಾರತದಿಂದ ಹೋಗಿ ಅಮೆರಿಕದ ಪೌರತ್ವ ಪಡೆದಿದ್ದ, ಮಿಸಿಸಿಪ್ಪಿಯ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಒಬ್ಬ ಪ್ರಾಧ್ಯಾಪಕರು. 2012ರ ಕೊನೆಯಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ಅವರ 'ಲಿಂಕನ್' ಸಿನಿಮಾ ಬಂದಿತ್ತು. ಅದನ್ನು ನೋಡಿ ಬಂದವರಿಗೆ, ತಿದ್ದುಪಡಿ ಪಾಸಾದ ಮೇಲೆ ಯಾವ ರಾಜ್ಯ ಏನು ಮಾಡಿತು ಅಂತ ಕುತೂಹಲ. ಇಂಟರ್ನೆಟ್ ಹುಡುಕಿದರೆ ಮಿಸಿಸಿಪ್ಪಿ ಹೆಸರಿನ ಪಕ್ಕ ಒಂದು ನಕ್ಷತ್ರದ ಗುರುತು. ಕೆಳಗೆ ನೋಡಿದರೆ, ಒಪ್ಪಿಗೆ ಆಗಿದೆ, ಅಧಿಕೃತವಾಗಿ ತಿಳಿಸಿಲ್ಲ. ಸಿನಿಮಾ ನೋಡಿ ಬಂದು ಸುಮ್ಮನೆ ಮಲಗುವವರೇ ನಮ್ಮಲ್ಲಿ ಹೆಚ್ಚು. ಇವರು ಸಹೋದ್ಯೋಗಿಯೊಬ್ಬರಿಗೆ ಹೇಳಿದರು, ಅವರು 1995ರ ನಿರ್ಣಯದ ಪ್ರತಿ ಹುಡುಕಿ ತೆಗೆದು ರಾಜ್ಯದ ಕಾರ್ಯದರ್ಶಿ ಕಚೇರಿಯ ಬಾಗಿಲು ತಟ್ಟಿದರು. 2013ರ ಜನವರಿ 30ರಂದು ಕಾಗದ ಹೊರಟಿತು. ಒಂದೇ ವಾರದಲ್ಲಿ ಸ್ವೀಕೃತಿ ಬಂತು!

ಇಂಥ ಮರೆವು ಮಿಸಿಸಿಪ್ಪಿಗೆ ಮಾತ್ರ ಅಂಟಿದ ರೋಗ ಅಲ್ಲ. ಒಹಾಯೊ 1803ರಲ್ಲೇ ರಾಜ್ಯವಾಯಿತು. ಆದರೆ ಅದನ್ನು ರಾಜ್ಯವಾಗಿ ಸೇರಿಸಿಕೊಂಡಿದ್ದೇವೆ ಅನ್ನೋ ವಿಧಿವತ್ತಾದ ನಿರ್ಣಯವನ್ನು ಸಂಸತ್ತು ಮಾಡಿರಲೇ ಇಲ್ಲ. 150 ವರ್ಷದ ಸಂಭ್ರಮಾಚರಣೆಗೆ ತಯಾರಿ ನಡೆದಾಗ ಇದು ಬೆಳಕಿಗೆ ಬಂತು. 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿ, 1803ರ ಮಾರ್ಚ್ 1ರಿಂದಲೇ ಪೂರ್ವಾನ್ವಯ ಅಂತ ಸರಿಮಾಡಿದರು. "ಹಾಗಾದ್ರೆ ಒಹಾಯೊ ಒಪ್ಪಿದ ಆದಾಯ ತೆರಿಗೆ ತಿದ್ದುಪಡಿಯೂ ಅಸಿಂಧು, ನಾನು ತೆರಿಗೆ ಕಟ್ಟಲ್ಲ" ಅಂತ ಕೋರ್ಟಿಗೆ ಹೋದ ಜಾಣರೂ ಇದ್ದಾರೆ. ಎಲ್ಲರೂ ಸೋತರು, ಬಿಡಿ.

ಒಹಾಯೊ ಕಥೆ ನಕ್ಕು ಬಿಡುವಂಥದ್ದು. ಕೆಂಟಕಿ ಮತ್ತು ಡೆಲವೇರ್ ಕಥೆ ಹಾಗಲ್ಲ.

1863ರ ಜನವರಿ 1ರ ಲಿಂಕನ್ ಘೋಷಣೆ ಇಡೀ ದೇಶದ ಗುಲಾಮರನ್ನು ಬಿಡುಗಡೆ ಮಾಡಿತು ಅನ್ನೋದು ನಮ್ಮಲ್ಲಿ ಬೇರೂರಿದ ನಂಬಿಕೆ. ಅದು ಯುದ್ಧಕಾಲದ ಆದೇಶ. ದಂಗೆ ಎದ್ದ ರಾಜ್ಯಗಳಿಗೆ ಮಾತ್ರ ಅನ್ವಯ. ಲಿಂಕನ್ ಪಕ್ಷದಲ್ಲೇ ನಿಂತಿದ್ದ, ಆದರೆ ಗುಲಾಮರನ್ನು ಇಟ್ಟುಕೊಂಡಿದ್ದ ನಾಲ್ಕು ರಾಜ್ಯಗಳಿದ್ದವು: ಮೇರಿಲ್ಯಾಂಡ್, ಮಿಸೌರಿ, ಕೆಂಟಕಿ, ಡೆಲವೇರ್. ಅವುಗಳನ್ನು ಮುಟ್ಟಿದರೆ ಅವೂ ಎದುರು ಪಾಳೆಯಕ್ಕೆ ಹಾರುವ ಭಯ. ಮೊದಲ ಎರಡು ರಾಜ್ಯಗಳು ಯುದ್ಧ ಮುಗಿಯುವ ಮೊದಲೇ ತಾವಾಗಿ ಗುಲಾಮಗಿರಿ ಕೈಬಿಟ್ಟವು. ಕೆಂಟಕಿ, ಡೆಲವೇರ್ ಜಗ್ಗಲಿಲ್ಲ. ಡೆಲವೇರ್‌ನಲ್ಲಿ ಇದ್ದಿದ್ದೇ 1,798 ಗುಲಾಮರು. "ಪರಿಹಾರ ಕೊಡ್ತೀವಿ, ಬಿಟ್ಟುಬಿಡಿ" ಅನ್ನೋ ಯೋಜನೆಯನ್ನು ಸ್ವತಃ ಲಿಂಕನ್ ಮುಂದಿಟ್ಟರೂ ಆ ರಾಜ್ಯ ಒಪ್ಪಲಿಲ್ಲ.

ಪರಿಣಾಮ ಏನಾಯ್ತು? ಈಗ ಅಮೆರಿಕದಲ್ಲಿ ಜೂನ್ 19 'ಜೂನ್‌ಟೀಂತ್' ಅಂತ ರಾಷ್ಟ್ರೀಯ ರಜೆ. 1865ರ ಆ ದಿನ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಬಿಡುಗಡೆಯ ಆದೇಶ ಓದಲಾಯಿತು. ಕೊನೆಯ ಗುಲಾಮರು ಬಿಡುಗಡೆಯಾದ ದಿನ ಅಂತಲೇ ಸುದ್ದಿಯಲ್ಲಿ ನಾವೂ ಹೇಳ್ತೀವಿ. ಆದರೆ ಆ ದಿನವೂ, ಆಮೇಲೆ ಸುಮಾರು ಆರು ತಿಂಗಳೂ, ಕೆಂಟಕಿ ಮತ್ತು ಡೆಲವೇರ್‌ನಲ್ಲಿ ಮನುಷ್ಯರನ್ನು ಇಟ್ಟುಕೊಳ್ಳುವುದು ಕಾನೂನುಬದ್ಧವಾಗಿಯೇ ಇತ್ತು. ಸೋತ ರಾಜ್ಯಗಳಲ್ಲಿ ಬಿಡುಗಡೆ ಮೊದಲು, ಗೆದ್ದ ಪಕ್ಷದಲ್ಲಿದ್ದ ರಾಜ್ಯಗಳಲ್ಲಿ ಆಮೇಲೆ! ತಿದ್ದುಪಡಿಗೆ ಎರಡೂ ರಾಜ್ಯಗಳು 1865ರ ಫೆಬ್ರವರಿಯಲ್ಲೇ ಬೇಡ ಅಂದಿದ್ದವು. ಡೆಲವೇರ್ ಮನಸ್ಸು ಬದಲಿಸಿದ್ದು 1901ರಲ್ಲಿ. ಕೆಂಟಕಿ 1976ರಲ್ಲಿ. ಇನ್ನೊಂದು ಮಾತು, ಲಿಂಕನ್ ಹುಟ್ಟಿದ್ದು ಇದೇ ಕೆಂಟಕಿಯಲ್ಲಿ.

ಮತ್ತೆ ಮಿಸಿಸಿಪ್ಪಿಗೆ ಬರೋಣ. ಅಲ್ಲಿನ ಶಾಸಕರು 1865ರಲ್ಲಿ ತಿರಸ್ಕಾರದ ಮತ ಹಾಕುವ ಹೊತ್ತಿಗೆ ಇನ್ನೊಂದು ಕೆಲಸ ಮುಗಿಸಿಕೊಂಡಿದ್ದರು. ನವೆಂಬರ್‌ನಲ್ಲೇ 'ಬ್ಲ್ಯಾಕ್ ಕೋಡ್' ಅನ್ನೋ ಕಾನೂನುಗಳ ಕಟ್ಟು. ಬಿಡುಗಡೆಯಾದ ಪ್ರತಿಯೊಬ್ಬರೂ ಜನವರಿ ಹೊತ್ತಿಗೆ ಕೆಲಸ ಇದೆ ಅನ್ನೋದಕ್ಕೆ ಲಿಖಿತ ದಾಖಲೆ ಇಟ್ಟುಕೊಂಡಿರಬೇಕು. ಒಪ್ಪಂದದ ಅವಧಿಗೆ ಮುಂಚೆ ಕಾರಣವಿಲ್ಲದೆ ಕೆಲಸ ಬಿಟ್ಟರೆ ಆ ವರ್ಷ ದುಡಿದ ಕೂಲಿ ಪೂರ್ತಿ ಹೋಯ್ತು. ದಾಖಲೆ ಇಲ್ಲದವನು 'ಅಲೆಮಾರಿ', ಅವನಿಗೆ ದಂಡ. ಐದು ದಿನದಲ್ಲಿ ದಂಡ ಕಟ್ಟದಿದ್ದರೆ, ಯಾರು ಆ ಹಣ ಕಟ್ಟುತ್ತಾರೋ ಅವರ ಹೊಲದಲ್ಲಿ ದುಡಿಯಲು ಶೆರಿಫ್ ಅವನನ್ನು ಒಪ್ಪಿಸುತ್ತಿದ್ದ. ಅನಾಥ ಮಕ್ಕಳನ್ನು ಕೆಲಸಕ್ಕೆ ಒಪ್ಪಿಸುವಾಗ ಮೊದಲ ಹಕ್ಕು ಯಾರಿಗೆ? ಹಳೆಯ ಯಜಮಾನನಿಗೆ.

ಗುಲಾಮಗಿರಿ ನಿಷೇಧಿಸಿದ ಮೇಲೂ ಇಂಥದ್ದಕ್ಕೆ ಕಾನೂನಿನ ದಾರಿ ಪೂರ್ತಿ ಮುಚ್ಚಲಿಲ್ಲ, ಯಾಕಂದ್ರೆ 13ನೇ ತಿದ್ದುಪಡಿಯೊಳಗೇ ಒಂದು ಕಿಂಡಿ ಇದೆ. ಗುಲಾಮಗಿರಿಯಾಗಲಿ ಬಲವಂತದ ದುಡಿತವಾಗಲಿ ಇರಕೂಡದು ಅನ್ನುತ್ತೆ, ಅದೇ ಉಸಿರಿನಲ್ಲಿ ಅಪರಾಧಕ್ಕೆ ಶಿಕ್ಷೆಯಾಗಿ ಇರಬಹುದು ಅನ್ನುತ್ತೆ. ಬ್ಲ್ಯಾಕ್ ಕೋಡ್ ಹೆಚ್ಚು ದಿನ ನಿಲ್ಲಲಿಲ್ಲ, ಆದರೆ ಕೈದಿಗಳನ್ನು ತೋಟದ ಮಾಲೀಕರಿಗೆ, ರೈಲ್ವೆ ಗುತ್ತಿಗೆದಾರರಿಗೆ ಬಾಡಿಗೆಗೆ ಕೊಡುವ ಪದ್ಧತಿ ದಕ್ಷಿಣದ ರಾಜ್ಯಗಳಲ್ಲಿ ದಶಕಗಳ ಕಾಲ ನಡೆಯಿತು. ಮಿಸಿಸಿಪ್ಪಿ 1901ರಲ್ಲಿ ಪಾರ್ಚ್‌ಮನ್ ಅನ್ನೋ ಊರಲ್ಲಿ ಸರ್ಕಾರದ್ದೇ ಜೈಲು ಶುರು ಮಾಡಿತು. ಜೈಲು ಅಂದ್ರೆ ಸಾವಿರಾರು ಎಕರೆ ಹತ್ತಿ ಹೊಲ. ಹತ್ತಿ ಬಿಡಿಸುತ್ತಿದ್ದ ಕೈದಿಗಳಲ್ಲಿ ಬಹುಪಾಲು ಕಪ್ಪು ಜನ.

ಕಾಗದ ತಲುಪದ ಆ 18 ವರ್ಷ ಯಾರ ಬದುಕನ್ನೂ ಬದಲಿಸಲಿಲ್ಲ. ಬದಲಿಸಿದ್ದು ಈ ಕಿಂಡಿ. ಅದು ಇವತ್ತಿಗೂ ಅಮೆರಿಕದ ಸಂವಿಧಾನದಲ್ಲಿದೆ. ಕೆಲವು ರಾಜ್ಯಗಳು ತಂತಮ್ಮ ಸಂವಿಧಾನದಲ್ಲಾದರೂ ಮುಚ್ಚೋಣ ಅಂತ ಹೊರಟಿವೆ. 2018ರಲ್ಲಿ ಕೊಲೊರಾಡೊ, 2020ರಲ್ಲಿ ನೆಬ್ರಾಸ್ಕಾ ಮತ್ತು ಯೂಟಾ. 2022ರಲ್ಲಿ ಐದು ರಾಜ್ಯಗಳ ಮತದಾರರ ಮುಂದೆ ಈ ಪ್ರಶ್ನೆ ಬಂತು. ಅಲಬಾಮಾ, ಒರೆಗಾನ್, ಟೆನೆಸಿ, ವರ್ಮಾಂಟ್ ಹೌದು ಅಂದವು. ಲೂಸಿಯಾನಾದಲ್ಲಿ ಮಾತ್ರ ಸೋತಿತು. ಪದಗಳ ಜೋಡಣೆ ಗೊಂದಲ ಇದೆ ಅಂತ ಅದನ್ನು ತಂದ ಶಾಸಕರೇ ಬೇಡ ಅಂದಿದ್ದರು.

2024ರ ನವೆಂಬರ್‌ನಲ್ಲಿ ಸರದಿ ಕ್ಯಾಲಿಫೋರ್ನಿಯಾದ್ದು. ನಮ್ಮ ಎಷ್ಟೋ ಕನ್ನಡದ ಹುಡುಗರು ಕೋಡ್ ಬರೆಯುತ್ತಿರುವ, ದೇಶಕ್ಕೇ ಪ್ರಗತಿಪರ ಅಂತ ಹೆಸರಾದ ರಾಜ್ಯ. ಜೈಲಿನಲ್ಲಿ ಬಲವಂತದ ದುಡಿತ ನಿಲ್ಲಿಸಬೇಕಾ ಅಂತ ಕೇಳಿದರೆ ಅಲ್ಲಿನ ಮತದಾರರು ಬೇಡ ಅಂದರು. ಎರಡು ತಿಂಗಳು ಕಳೆದು ಲಾಸ್ ಏಂಜಲೀಸ್ ಸುತ್ತ ಬೆಂಕಿ ಬಿದ್ದಾಗ, ಟಿವಿಯಲ್ಲಿ ನೀವು ನೋಡಿದ ಕಿತ್ತಳೆ ಬಣ್ಣದ ಬಟ್ಟೆಯ ತಂಡಗಳು ನೆನಪಿವೆಯಾ? ಅವರು ಕೈದಿಗಳು. ಬೆಂಕಿ ಕೆಲಸಕ್ಕೆ ತಾವಾಗಿಯೇ ಹೆಸರು ಕೊಟ್ಟವರು, ಅದು ನಿಜ. ಆಗ ಅವರ ದಿನಗೂಲಿ 5 ಡಾಲರ್ 80 ಸೆಂಟ್‌ನಿಂದ 10 ಡಾಲರ್ 24 ಸೆಂಟ್. ಬೆಂಕಿ ಆರಿಸುವಾಗ ಗಂಟೆಗೆ ಇನ್ನೂ ಒಂದು ಡಾಲರ್.