ಒಣಗಿತೆಂದು ಎಸೆಯದಿರಿ, ಅದು ಹಂಸಪದಿ

ಪತ್ತನಾಜೆ ಕಳೆದು ನಾಲ್ಕು ಮಳೆ ಬಿದ್ದರೆ ಸಾಕು, ನಮ್ಮ ಕಾಸರಗೋಡಿನ ಮುರಕಲ್ಲಿನ ಪಾಗಾರ, ಬಾವಿಯ ಒಳಬದಿ, ತೋಟದ ಧರೆ ಎಲ್ಲೆಲ್ಲೂ ಹಸುರು ಚಿಗುರುಗಳು ಸುರುಳಿ ಬಿಚ್ಚತೊಡಗುತ್ತವೆ. ನೆರೆಮನೆಯ ಮಲಯಾಳಿ ಮಕ್ಕಳು ಇದನ್ನು ‘ಪನ್ನಲ್’ ಎನ್ನುತ್ತಾರೆ. ನಮ್ಮ ಮಕ್ಕಳೂ ಹಾಗೆಯೇ ಹೇಳುತ್ತಾರೆ; ಅದರಲ್ಲಿ ತಪ್ಪೇನಿಲ್ಲ. ಆದರೆ ‘ಜರಿಗಿಡ’ ಎಂಬ ನಮ್ಮ ಮಾತೂ ಅವರ ಬಾಯಲ್ಲಿ ಉಳಿಯಬೇಡವೇ? ಪಾಠಪುಸ್ತಕದ ಚಿತ್ರಕ್ಕಿಂತ ಜಗಲಿಯ ಮೇಲಿನ ಒಂದು ಚಟ್ಟಿ ಅದನ್ನು ಚೆನ್ನಾಗಿ ಕಲಿಸುತ್ತದೆ.

ಮೊದಲು ಗುರುತು ಹಿಡಿಯೋಣ. ಜರಿಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಅಡಿಯಲ್ಲಿರುವ ಹುಡಿಯಂಥ ಬೀಜಾಣುಗಳಿಂದಲೇ ಅದರ ಸಂತಾನ. ನೂಲಿನಂಥ ಎಲೆಯ ಶತಾವರಿ ಜಾತಿಯ ಅಲಂಕಾರದ ಗಿಡವನ್ನು ಹಲವರು ‘ಫರ್ನ್’ ಎಂದು ಕರೆಯುವುದುಂಟು. ಅದು ಹೂಬಿಡುವ ಗಿಡ, ಜರಿಗಿಡವಲ್ಲ. ಮಕ್ಕಳು ಮುಂಗೈಗೆ ಒತ್ತಿ ಬಿಳಿಯ ಅಚ್ಚು ಮೂಡಿಸಿಕೊಳ್ಳುವ ಎಲೆ ನಿಜವಾದ ಜರಿಗಿಡವೇ. ಆದರೆ ಅದು ಅಮೆರಿಕದ ಉಷ್ಣ ಪ್ರದೇಶಗಳಿಂದ ಬಂದು ಇಲ್ಲಿ ನೆಲೆಸಿದ್ದು.

ಮನೆಯಲ್ಲಿ ಬೆಳೆಸಲು ಯೋಗ್ಯವಾದದ್ದು ಹಂಸಪದಿ. ಕೂದಲೆಳೆಯಂತೆ ಕಪ್ಪಾಗಿ ಹೊಳೆಯುವ ದಂಟು, ಅದರ ಎರಡೂ ಬದಿಗೆ ಅರ್ಧಚಂದ್ರಾಕಾರದ ಎಳೆಹಸುರು ಎಲೆಗಳು. ನೀರು ಚಿಮುಕಿಸಿದರೆ ಹನಿ ನಿಲ್ಲದೆ ಜಾರುತ್ತದೆ. ಇದರ ಶಾಸ್ತ್ರೀಯ ನಾಮ ‘ಅಡಿಯಾಂಟಮ್’. ಗ್ರೀಕ್ ಭಾಷೆಯಲ್ಲಿ ‘ಒದ್ದೆಯಾಗದ್ದು’ ಎಂದರ್ಥ. ಬಾಗಿದ ಎಲೆಯ ತುದಿ ನೆಲಕ್ಕೆ ತಾಗಿದಲ್ಲಿ ಬೇರೂರಿ ಹೊಸ ಗಿಡವಾಗುತ್ತದೆ. ಹಾಗೆ ಹುಟ್ಟಿದ ಮರಿಯನ್ನೇ ತನ್ನಿ. ಪಾಗಾರದಿಂದ ತಾಯಿಗಿಡವನ್ನು ಕೀಳಬೇಡಿ. ಹಳೆಯ ಪಾಗಾರಗಳಿಗೆ ಸಿಮೆಂಟು ಬಳಿಯುತ್ತಿರುವ ಈ ಕಾಲದಲ್ಲಿ ಅದಕ್ಕೆ ಉಳಿದಿರುವ ಜಾಗವೇ ಕಡಿಮೆ.

ಅಡಿಯಲ್ಲಿ ತೂತಿರುವ ಮಣ್ಣಿನ ಚಟ್ಟಿಗೆ ಮೊದಲು ಮುರಕಲ್ಲಿನ ಚೂರು ಹಾಕಿ. ಮೇಲೆ ಎರಡು ಪಾಲು ಕೊಳೆತ ತರಗೆಲೆಯ ಹುಡಿ, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು ಬೆರೆಸಿ ತುಂಬಿ. ಬುಡವನ್ನು ಆಳಕ್ಕೆ ಹೂಳಬಾರದು. ಬಿಸಿಲು ನೇರವಾಗಿ ಬೀಳದ, ಬೆಳಕು ಮಾತ್ರ ಬರುವ ಜಗಲಿಯ ಬಡಗಣ ಮೂಲೆ ಉತ್ತಮ. ಫ್ಯಾನಿನ ಗಾಳಿ, ಒಲೆಯ ಹೊಗೆ ಎರಡೂ ಆಗದು. ಮಣ್ಣು ತೇವವಿರಲಿ, ಕೆಸರಾಗದಿರಲಿ. ಎಲೆಯ ಅಂಚು ಕಂದಿದರೆ ಗಾಳಿ ಒಣಗಿದೆ ಎಂದು ತಿಳಿಯಿರಿ. ಮಣ್ಣು ಕೆಸರಾಗಿದ್ದು ಎಲೆ ಹಳದಿಯಾದರೆ ಬೇರು ಕೊಳೆಯುತ್ತಿರಬಹುದು. ಗೊಬ್ಬರದ ಆತುರ ಬೇಡ.

ಇನ್ನು ಮುಖ್ಯ ವಿಷಯ. ಕೆಲವು ವರ್ಷಗಳ ಹಿಂದೆ ನಾನು ಒಂದು ಚಟ್ಟಿಯಲ್ಲಿ ಇದನ್ನು ನೆಟ್ಟಿದ್ದೆ. ಮಕರ ಮಾಸದ ಹೊತ್ತಿಗೆ ಎಲೆಯೆಲ್ಲ ಒಣಗಿ ದಂಟು ಮಾತ್ರ ಉಳಿಯಿತು. ನನ್ನ ಆರೈಕೆಯೇ ಸಾಲದಾಯಿತೆಂದು ಬೇಸರಗೊಂಡು ಚಟ್ಟಿಯನ್ನು ಅಡಿಕೆ ಮರದ ಬುಡಕ್ಕೆ ಸುರಿದುಬಿಟ್ಟೆ. ಆಟಿಯ ಮಳೆಯಲ್ಲಿ ನೋಡುತ್ತೇನೆ, ಅದೇ ಮಣ್ಣಿನ ಗುಡ್ಡೆಯ ಮೇಲೆ ಕಪ್ಪು ದಂಟಿನ ಹಸುರು ಗೊಂಚಲು! ಹಂಸಪದಿಯ ಸ್ವಭಾವವೇ ಹಾಗೆ. ಬೇಸಗೆಯಲ್ಲಿ ಎಲೆ ಉದುರಿಸಿ ಮಣ್ಣಿನೊಳಗಿನ ಕಾಂಡದಲ್ಲಿ ಜೀವ ಹಿಡಿದಿರುತ್ತದೆ. ಆಗ ನೀರು ಕಡಿಮೆ ಮಾಡಿ ಚಟ್ಟಿಯನ್ನು ನೆರಳಿನಲ್ಲಿ ಇಟ್ಟುಬಿಡಿ. ಮಳೆಗಾಲದ ಮೊದಲು ಒಣದಂಟು ಕತ್ತರಿಸಿದರೆ ಸಾಕು.

ನರ್ಸರಿಯಿಂದ ತರುವ, ಕವಲೊಡೆದ ದಂಟಿನ ಸಣ್ಣೆಲೆಯ ಜಾತಿಗಳಿಗೆ ಈ ಮಾತು ಸಲ್ಲದು. ಅವುಗಳ ಮಣ್ಣು ಎಂದೂ ಒಣಗಬಾರದು. ಎಲೆ ಒಣಗಿಹೋದರೂ ಕೂಡಲೇ ಎಸೆಯದೆ, ಬುಡದವರೆಗೆ ಕತ್ತರಿಸಿ ನೀರುಣಿಸಿ ಕೆಲವು ವಾರ ಕಾದು ನೋಡಿ.

ನಿಮ್ಮ ಜಗಲಿಯಲ್ಲೂ ಒಣಗಿದ ಚಟ್ಟಿಯೊಂದು ಇದ್ದೀತು. ಅದನ್ನು ಮಕ್ಕಳ ವಶಕ್ಕೆ ಕೊಡಿ. ಮೊದಲ ಸುರುಳಿ ಮೇಲೆದ್ದ ದಿನ ಅದರ ಹೆಸರನ್ನು ಕೇಳಿಕೊಂಡು ಅವರೇ ನಿಮ್ಮ ಬಳಿಗೆ ಓಡಿ ಬಂದಾರು.